ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸುವ ಮುನ್ನ



ಕೆಲವು ಮಳೆಗಾಲಗಳಿಂದ ಈಚೆಗೆ ನಮ್ಮ ಸದಸ್ಯರ ಮನೆಗಳಲ್ಲಿ ಜನರೇಟರುಗಳು ಹೆಚ್ಚಾಗಿವೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2019ರ ಆಗಸ್ಟಿನಲ್ಲಿ ಮೂಡಿಗೆರೆ, ಚಾರ್ಮಾಡಿ ಕಡೆಗಳಲ್ಲಿಯೂ ಗುಡ್ಡ ಜಾರಿ ಬಂದಾಗ ಹಲವೆಡೆ ಕಂಬ, ತಂತಿಗಳು ನೆಲ ಹಿಡಿದದ್ದನ್ನು ಎಲ್ಲರೂ ಬಲ್ಲೆವು. ಅಂಥ ಅನಾಹುತವಿಲ್ಲದ ವರ್ಷಗಳಲ್ಲೂ ಆರಿದ್ರೆ, ಪುನರ್ವಸು ಮಳೆ ಹಿಡಿಯಿತೆಂದರೆ ಸಿಲ್ವರ್ ಮರದ ಒಂದು ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ಎರಡು ಮೂರು ದಿನ ಕತ್ತಲು. ಜೋಗದಲ್ಲಿ ಶರಾವತಿಯ ನೀರಿನಿಂದ 1948ರಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ತು ತಯಾರಾಗುತ್ತಿದ್ದರೂ, ಆ ನೀರು ಸುರಿಯುವ ನಾಡಿನವರೇ ಮಳೆಗಾಲದಲ್ಲಿ ಬುಡ್ಡಿ ದೀಪ ಹುಡುಕಬೇಕಾಗಿರುವುದು ಬೇರೆ ಮಾತು.

ಜನರೇಟರ್ ಕೊಳ್ಳುವಾಗ ನಾವು ಬೆಲೆ ವಿಚಾರಿಸುತ್ತೇವೆ, ಗಂಟೆಗೆ ಎಷ್ಟು ಎಣ್ಣೆ ಕುಡಿಯುತ್ತದೆಂದು ಕೇಳುತ್ತೇವೆ, ಸದ್ದು ಎಷ್ಟೆಂದು ಕಿವಿಗೊಡುತ್ತೇವೆ. ಅದನ್ನು ಮನೆಯ ವೈರಿಂಗಿಗೆ ಹೇಗೆ ಜೋಡಿಸಬೇಕೆಂಬುದನ್ನು ಮಾತ್ರ ಕೇಳುವವರು ಕಡಿಮೆ. ಸಂಘದ ಕಚೇರಿಗೆ ಬರುವ ಸದಸ್ಯರು ಈ ವಿಷಯದಲ್ಲಿ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ: "ಅದಕ್ಕೇನು ಸಾರ್, ಎರಡೂ ತುದಿಗೆ ಪಿನ್ನು ಹಾಕಿದ ಒಂದು ವೈರು ಮಾಡಿಸಿಕೊಂಡಿದ್ದೀವಿ. ಒಂದು ತುದಿ ಜನರೇಟರಿಗೆ, ಒಂದು ತುದಿ ಗೋಡೆಯ ಪ್ಲಗ್ಗಿಗೆ. ಮನೆಯೆಲ್ಲ ದೀಪ ಉರೀತದೆ." ಉರಿಯುತ್ತದೆ ನಿಜ. ಆದರೆ ಆ ಮನೆಯಲ್ಲಿ ಮಾತ್ರ ಉರಿಯುತ್ತದೆಂಬ ಖಾತ್ರಿ ಇಲ್ಲ ಎಂಬುದೇ ಈ ಲೇಖನದ ವಿಷಯ.

ಮೊದಲಿಗೆ ಆ ವೈರನ್ನೇ ನೋಡೋಣ. ಜನರೇಟರ್ ಓಡುತ್ತಿರುವಾಗ ಗೋಡೆಯ ತುದಿ ಕಳಚಿ ಬಂದರೆ, ಹೊರಕ್ಕೆ ಚಾಚಿಕೊಂಡ ಹಿತ್ತಾಳೆಯ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಮಕ್ಕಳು ಓಡಾಡುವ ಮನೆಯಲ್ಲಿ. ಇಷ್ಟೇ ಕಾರಣ ಸಾಕು, ಆ ವೈರನ್ನು ಕತ್ತರಿಸಿ ಎಸೆಯಲು. ಆದರೆ ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ ಕಡೆ ಇದೆ.

ನಮ್ಮ ಊರಿನ ಟಿ.ಸಿ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುತ್ತದೆ. ಅದರ ಕೆಳಗಿನ ಕಡೆ ಫೇಸು ಫೇಸಿನ ನಡುವೆ 433 ವೋಲ್ಟ್, ಅಂದರೆ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 250 ವೋಲ್ಟ್ ಇರುವಂತೆ ಸುತ್ತಿರುತ್ತಾರೆ. ದಾರಿಯಲ್ಲಿ ಸ್ವಲ್ಪ ಕರಗಿ ನಮ್ಮ ಮನೆಗೆ 230ರ ಆಸುಪಾಸಿನಲ್ಲಿ ಬರುತ್ತದೆ. ಇಳಿಸುವ ಪ್ರಮಾಣ 44ಕ್ಕೆ 1. ಈ ಯಂತ್ರದಲ್ಲಿ ತಿರುಗುವ ಭಾಗವಿಲ್ಲ, ಕವಾಟವಿಲ್ಲ, ಇದು ಮೇಲಿನ ಕಡೆ, ಇದು ಕೆಳಗಿನ ಕಡೆ ಎಂಬ ವಿವೇಕವೂ ಇಲ್ಲ. ಮೇಲಿನಿಂದ ಕೊಟ್ಟರೆ ಇಳಿಸುತ್ತದೆ, ಕೆಳಗಿನಿಂದ ಕೊಟ್ಟರೆ ಅದೇ ಪ್ರಮಾಣದಲ್ಲಿ ಏರಿಸುತ್ತದೆ. ಗೋಡೆಯ ಪ್ಲಗ್ಗಿಗೆ ಚುಚ್ಚಿದ ಜನರೇಟರಿನ 230 ವೋಲ್ಟು ಮೈನ್ ಸ್ವಿಚ್ ದಾಟಿ, ಮೀಟರ್ ದಾಟಿ, ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ ಟಿ.ಸಿ. ಮುಟ್ಟಿತೆಂದರೆ ಅದರ ಮೇಲಿನ ತಂತಿಗಳಲ್ಲಿ ಸುಮಾರು 10,000 ವೋಲ್ಟ್ ಎದ್ದು ನಿಲ್ಲುತ್ತದೆ. ಊರೆಲ್ಲ ಕತ್ತಲಾಗಿದೆ, ಲೈನು ಸತ್ತಿದೆ ಎಂದು ಎಲ್ಲರೂ ನಂಬಿರುವ ಹೊತ್ತಿನಲ್ಲಿ.

ಇದಕ್ಕೆ ತಿಳಿದವರು ಒಂದು ಆಕ್ಷೇಪ ಎತ್ತುವುದುಂಟು. "ಊರಿನ ಹೊರೆಯನ್ನೆಲ್ಲ ನನ್ನ ಚಿಕ್ಕ ಜನರೇಟರ್ ಹೊರುವುದುಂಟೇ? ಉಸಿರುಕಟ್ಟಿ ನಿಂತೇ ಹೋಗುತ್ತದೆ." ಅರ್ಧ ಸತ್ಯ. ಲೈನು ಎಲ್ಲಿಯೂ ತುಂಡಾಗದೆ, ಸಬ್‌ಸ್ಟೇಷನ್ನಿನಲ್ಲಿ ಮಾತ್ರ ಕರೆಂಟು ತೆಗೆದಿದ್ದರೆ ಅಕ್ಕಪಕ್ಕದ ಮನೆಗಳ ಫ್ರಿಜ್ಜು, ಮೋಟರುಗಳೆಲ್ಲ ಒಟ್ಟಿಗೆ ಎಳೆದು ಜನರೇಟರ್ ನಿಲ್ಲುವುದೇ ಹೆಚ್ಚು. ಆದರೆ ನಮ್ಮ ಕಡೆ ಕರೆಂಟು ಹೋಗುವುದು ಹಾಗಲ್ಲ. ಮರ ಬಿದ್ದು ನಮ್ಮ ಮನೆಯಿಂದ ನಾಲ್ಕನೇ ಕಂಬದ ಹತ್ತಿರ ತಂತಿ ತುಂಡಾಗುತ್ತದೆ. ಆ ತುಂಡು ತಂತಿಯ ಈಚೆ ಬದಿಗೆ ಉಳಿದಿರುವುದು ನಿಮ್ಮ ಮನೆಯೊಂದೇ, ಅಥವಾ ನಿಮ್ಮದೂ ನಿಮ್ಮ ತಮ್ಮನದೂ. ತೋಟದ ಒಂಟಿ ಮನೆಗಳ ಪಾಡೇ ಇದು. ಆಗ ಹೊರೆಯೇ ಇಲ್ಲ. ಜನರೇಟರ್ ಹಾಯಾಗಿ ಓಡುತ್ತದೆ. ಕಾಫಿ ಗಿಡಗಳ ನಡುವೆ ಬಿದ್ದ ತಂತಿಯಲ್ಲಿ ಜೀವ ಇರುತ್ತದೆ. ಇನ್ನೊಂದು ಸಂದರ್ಭ: ಲೈನ್‌ಮನ್ ಟಿ.ಸಿ.ಯ ಕೆಳಗಿನ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಕಂಬ ಹತ್ತುತ್ತಾರೆ. ಅವರ ಲೆಕ್ಕದಲ್ಲಿ ಆ ಕವಲು ಲೈನು ಸತ್ತಂತೆಯೇ. ಆ ಕವಲಿನಲ್ಲಿರುವ ಮನೆಗಳು ಐದೋ ಆರೋ. ಎಲ್ಲರೂ ದೀಪ ಮಾತ್ರ ಹಾಕಿದ್ದರೆ, ಈಗಿನ ಒಂಬತ್ತು ವಾಟಿನ ಬಲ್ಬುಗಳನ್ನು ಹೊರಲು ಒಂದು ಸಾಧಾರಣ ಜನರೇಟರ್ ಧಾರಾಳ ಸಾಕು. ಹಳೆಯ ನೂರು ವಾಟಿನ ಬಲ್ಬುಗಳ ಕಾಲದಲ್ಲಿ ಅದು ನಿಂತು ಹೋಗುತ್ತಿತ್ತೇನೋ.

ಕಂಬ ಹತ್ತುವವರು ಎಚ್ಚರಿಕೆ ತೆಗೆದುಕೊಳ್ಳುವುದಿಲ್ಲವೆಂದಲ್ಲ. ಎಲ್.ಸಿ. ಪಡೆದು, ಟೆಸ್ಟ್ ಮಾಡಿ, ಕೆಲಸದ ಜಾಗದ ಎರಡೂ ಬದಿಗೆ ರಾಡ್ ಹಾಕಿ ತಂತಿಗಳನ್ನು ನೆಲಕ್ಕೆ ಕಟ್ಟಿದ ಮೇಲೆಯೇ ಕೈ ಹಾಕಬೇಕೆಂಬುದು ಅವರ ಶಿಸ್ತು. ಸುರಿಯುವ ಮಳೆ, ನಾಲ್ಕು ಊರಿಗೆ ಒಬ್ಬ ಆಳು, ಬೆಳಗಿನಿಂದ ಹದಿನೈದು ಜನರ ಫೋನು, ಅದರಲ್ಲಿ ನಮ್ಮದೂ ಮೂರು. ಇಂಥ ದಿನ ಒಂದು ಹೆಜ್ಜೆ ತಪ್ಪಿದರೂ ನಮ್ಮ ಜನರೇಟರಿನಿಂದ ಅವರ ಜೀವ ಹೋಗಕೂಡದು ಎಂಬಂತೆ ನಮ್ಮ ವ್ಯವಸ್ಥೆ ಇರಬೇಕು. ಕೆ.ಇ.ಬಿ. ಎಂಬ ಹೆಸರು 1999ರಲ್ಲೇ ಹೋಯಿತು, 2002ರಲ್ಲಿ ವಿತರಣೆ ಬೇರೆ ಬೇರೆ ಕಂಪನಿಗಳಿಗೆ ಹಂಚಿಹೋಯಿತು. ಆದರೆ ಮಳೆಯಲ್ಲಿ ಕಂಬ ಹತ್ತುವ ಮನುಷ್ಯ ಅಂದಿನಂತೆಯೇ ಹಗ್ಗ ಸುತ್ತಿಕೊಂಡು ಹತ್ತುತ್ತಾನೆ.

ಲೈನ್‌ಮನ್ ಒಬ್ಬರದೇ ಪ್ರಶ್ನೆಯೂ ಅಲ್ಲ. ಕರೆಂಟು ಹೋಗಿದೆಯೆಂಬ ಧೈರ್ಯದಲ್ಲಿ ಲೈನಿನ ಮೇಲೆ ಒರಗಿದ ಕೊಂಬೆಯನ್ನು ನಾವೇ ಕಡಿಸುತ್ತೇವೆ. ಅಲ್ಯುಮಿನಿಯಂ ಏಣಿ ಒರಗಿಸುತ್ತೇವೆ. ಅಡಿಕೆ ಕೊಯ್ಯುವ ಉದ್ದ ದೋಟಿಯಲ್ಲಿ ತಂತಿಯನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡುವವರನ್ನೂ ನೋಡಿದ್ದೇವೆ. ಕೂಲಿ ಲೈನಿನ ಹುಡುಗರು ಬಿದ್ದ ತಂತಿ ದಾಟಿಯೇ ಶಾಲೆಗೆ ಹೋಗುತ್ತಾರೆ. ಹಸು ಮೇವಿಗೆ ಬಾಯಿ ಹಾಕುವಾಗ ತಂತಿ ಯಾವುದು, ಬಳ್ಳಿ ಯಾವುದು ಎಂದು ನೋಡುವುದಿಲ್ಲ. ಬಿದ್ದ ತಂತಿಯನ್ನು ಊರೆಲ್ಲ ಕತ್ತಲಾಗಿದ್ದರೂ ಜೀವ ಇರುವ ತಂತಿಯೆಂದೇ ತಿಳಿಯಬೇಕು.

ಎರಡನೆಯ ಆಕ್ಷೇಪ ಇನ್ನೂ ಸಾಮಾನ್ಯ. "ನಾವು ಮೈನ್ ಆಫ್ ಮಾಡಿಯೇ ಜನರೇಟರ್ ಹಾಕುತ್ತೇವೆ." ಮಾಡುವವರು ಮಾಡುತ್ತಾರೆ, ಒಪ್ಪಿದೆ. ಆದರೆ ಯಜಮಾನರು ಪೇಟೆಗೆ ಹೋದ ದಿನ ಜನರೇಟರ್ ಎಳೆಯುವವರು ಯಾರು? ರೈಟರೋ, ರಜೆಗೆ ಬಂದ ಮಗನೋ, ಮನೆಯಾಕೆಯೋ. ನೆನಪಿನ ಮೇಲೆ ನಿಂತ ಸುರಕ್ಷತೆ ಒಂದು ರಾತ್ರಿ ಕೈಕೊಡುತ್ತದೆ. ಮೈನ್ ಆನ್ ಇರುವಾಗಲೇ ಜನರೇಟರ್ ಓಡುತ್ತಿದ್ದು, ಆ ಹೊತ್ತಿಗೆ ಸರಿಯಾಗಿ ಲೈನಿನ ಕರೆಂಟು ಬಂದುಬಿಟ್ಟರೆ ಏನಾಗುತ್ತದೆಂಬುದನ್ನೂ ತಿಳಿದಿರಬೇಕು. ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುವ ಎರಡು ಬೇರೆ ಬೇರೆ ತೂಗು ಅವು. ಒಂದು ಅತ್ತ ಹೋಗುವಾಗ ಇನ್ನೊಂದು ಇತ್ತ ಬರುತ್ತಿದ್ದರೆ ಢಿಕ್ಕಿ. ಒಂದು ಬದಿಗೆ ನಿಮ್ಮ ಐದು ಕೆ.ವಿ.ಎ. ಯಂತ್ರ, ಇನ್ನೊಂದು ಬದಿಗೆ ರಾಜ್ಯದ ಎಲ್ಲ ವಿದ್ಯುದಾಗಾರಗಳು. ಸೋಲುವವರು ಯಾರೆಂದು ಹೇಳಬೇಕಾಗಿಲ್ಲ. ಸುತ್ತು ಸುಡುತ್ತದೆ, ವೈರಿಗೆ ಬೆಂಕಿ ಹತ್ತಬಹುದು, ಇಂಜಿನ್ನಿನ ಜೋಡಣೆಯೇ ಮುರಿಯಬಹುದು.

ಆದುದರಿಂದ ಬೇಕಾದದ್ದು ಒಂದೇ: ಲೈನೂ ಜನರೇಟರೂ ಯಾವ ಮನುಷ್ಯ ಎಷ್ಟೇ ಮರೆತರೂ ಒಂದನ್ನೊಂದು ಮುಟ್ಟಲಾಗದಂಥ ಏರ್ಪಾಡು. ಅದರ ಹೆಸರು ಚೇಂಜ್‌ಓವರ್ ಸ್ವಿಚ್. ಕಬ್ಬಿಣದ ಪೆಟ್ಟಿಗೆಯೊಳಗೆ ಒಂದೇ ಹಿಡಿಕೆಗೆ ಕಟ್ಟಿದ ತಾಮ್ರದ ನಾಲಗೆಗಳು. ಹಿಡಿಕೆ 1ರಲ್ಲಿದ್ದರೆ ಮನೆ ಲೈನಿಗೆ, 2ರಲ್ಲಿದ್ದರೆ ಜನರೇಟರಿಗೆ. ನಡುವೆ 0, ಅಲ್ಲಿ ಎರಡೂ ಇಲ್ಲ. ಒಂದನ್ನು ಪೂರ್ತಿ ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯಲು ಸಾಧ್ಯ. ಹಳ್ಳ ದಾಟುವ ಒಂಟಿ ಸಂಕದಂತೆ, ಎರಡು ಕಡೆಯವರು ಒಟ್ಟಿಗೆ ದಾಟುವಂತಿಲ್ಲ. ಮೀಟರು, ಮೈನ್ ಸ್ವಿಚ್ ಆದ ಮೇಲೆ, ಮನೆಯ ಎಂ.ಸಿ.ಬಿ. ಪೆಟ್ಟಿಗೆಗೆ ಮುಂಚೆ ಇದರ ಜಾಗ. ಲೈನ್ ಬಂದಿತೋ ಇಲ್ಲವೋ ತಿಳಿಯಲು ಸ್ವಿಚ್ಚಿನ ಲೈನ್ ಬದಿಗೆ ಒಂದು ಸಣ್ಣ ದೀಪ ಹಾಕಿಸಿಕೊಂಡರೆ ಪಕ್ಕದ ಮನೆಯ ಕಿಟಕಿ ಇಣುಕುವ ಅಗತ್ಯವಿಲ್ಲ. ಎರಡು ಬೇರೆ ಬೇರೆ ಮೈನ್ ಸ್ವಿಚ್ಚು ಹಾಕಿ "ಒಂದು ಹಾಕುವಾಗ ಒಂದು ತೆಗೆಯಿರಿ" ಎಂದು ಬೋರ್ಡು ಬರೆಯುವುದು ಚೇಂಜ್‌ಓವರ್ ಅಲ್ಲ. ಹಾಗೆ ಮಾಡಿಕೊಟ್ಟ ಎಲೆಕ್ಟ್ರಿಷಿಯನ್ನರು ನಮ್ಮ ಸುತ್ತಮುತ್ತ ಇದ್ದಾರೆ.

ಕೊಳ್ಳುವಾಗ ನೋಡಬೇಕಾದ ಮುಖ್ಯ ವಿಷಯ, ಸ್ವಿಚ್ಚು ನ್ಯೂಟ್ರಲ್ಲನ್ನೂ ಕತ್ತರಿಸುತ್ತದೆಯೇ ಎಂಬುದು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ಮೂರು ಫೇಸಿಗೆ ನಾಲ್ಕು ಪೋಲಿನದು ಬೇಕು. ಫೇಸು ಮಾತ್ರ ಬದಲಾದರೆ ಸಾಕು, ನ್ಯೂಟ್ರಲ್ಲಿನಲ್ಲಿ ಕರೆಂಟು ಎಲ್ಲಿದೆ ಎನ್ನುವವರಿದ್ದಾರೆ. ನ್ಯೂಟ್ರಲ್ ತಂತಿ ನಿರಪಾಯವಾಗಿರುವುದು ಅದು ಟಿ.ಸಿ. ಬಳಿ ನೆಲಕ್ಕೆ ಕಟ್ಟಿರುವುದರಿಂದ. ಮರ ಬಿದ್ದಾಗ ಅದೂ ತುಂಡಾಗಿರುತ್ತದೆ. ಆಗ ನಿಮ್ಮ ಮನೆಯಲ್ಲಿ ಎಲ್ಲೋ ಒಂದು ಫೇಸ್ ವೈರು ಒದ್ದೆ ಗೋಡೆಗೆ ತಾಗಿದ್ದರೆ, ನೆಲಕ್ಕೆ ಕಟ್ಟದ ಜನರೇಟರಿನ ನ್ಯೂಟ್ರಲ್ಲೇ 230 ವೋಲ್ಟಿಗೆ ಏರಿ, ಅದರೊಂದಿಗೆ ಜೋಡಿಯಾಗಿ ಉಳಿದ ಹೊರಗಿನ ತುಂಡು ತಂತಿಗೂ ಜೀವ ಬರುತ್ತದೆ. ಎಲ್ಲ ಕಂಬಿಗಳೂ ಬಿಡಬೇಕು, ಒಂದೂ ಉಳಿಯಬಾರದು. ಸ್ವಿಚ್ಚಿನ ಮೇಲೆ ಐ.ಎಸ್.ಐ. ಗುರುತು ನೋಡಿ; ಆಂಪಿಯರು ಮನೆಯ ಮೈನಿಗಿಂತ ಕಡಿಮೆ ಇರಬಾರದು. ಸಾಧಾರಣ ಮನೆಗೆ 32 ಆಂಪಿಯರ್ ಸಾಕಾಗುವುದುಂಟು, ಪಲ್ಪರ್ ಷೆಡ್ಡಿಗೆ 63 ಬೇಕಾಗಬಹುದು. ಸಣ್ಣ ಮನೆಯ ಎರಡು ಪೋಲಿನ ಸ್ವಿಚ್ಚಿನ ಬೆಲೆ ಒಂದು ಮೂಟೆ ಕಾಫಿ ಚೆರಿಯ ಬೆಲೆಯಷ್ಟೂ ಆಗುವುದಿಲ್ಲ.

ಒಂದು ಕೆ.ವಿ.ಎ.ಯ ಪುಟ್ಟ ಪೆಟ್ರೋಲ್ ಯಂತ್ರ ಇಟ್ಟುಕೊಂಡವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಮನೆಯ ವೈರಿಂಗಿನ ತಂಟೆಗೇ ಹೋಗಬೇಡಿ. ಜನರೇಟರಿನಿಂದ ಮೂರು ಕೋರಿನ ಒಳ್ಳೆಯ ಕೇಬಲ್ಲಿನ ಮೂಲಕ ಒಂದು ಎಕ್ಸ್‌ಟೆನ್ಷನ್ ಬೋರ್ಡು ತಂದು ಫ್ರಿಜ್ಜು, ಎರಡು ದೀಪ, ಫೋನಿನ ಚಾರ್ಜರನ್ನು ನೇರವಾಗಿ ಅದಕ್ಕೇ ಚುಚ್ಚಿ. ಲೈನಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಮೂರು ಫೇಸ್ ಇರುವವರು ಇನ್ನೂ ಎರಡು ಸಂಗತಿ ಗಮನಿಸಬೇಕು. ಮೂರು ಫೇಸಿನ ಜನರೇಟರ್ ಕೂಡಿಸಿದಾಗ ಫೇಸುಗಳ ಸರದಿ ಲೈನಿನ ಸರದಿಗೆ ಹೊಂದದಿದ್ದರೆ ಮೋಟರುಗಳು ಉಲ್ಟಾ ತಿರುಗುತ್ತವೆ. ಬೆಲ್ಟು ಬಿಚ್ಚಿ ಮೋಟರನ್ನು ಖಾಲಿ ಓಡಿಸಿ ದಿಕ್ಕು ನೋಡಿದ ಮೇಲೆಯೇ ಪಲ್ಪರಿಗೆ ಹಣ್ಣು ಸುರಿಯಿರಿ. ತಪ್ಪಿದ್ದರೆ ಜನರೇಟರ್ ಬದಿಯ ಯಾವುದಾದರೂ ಎರಡು ಫೇಸ್ ವೈರು ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಮೋಟರಿನ ಬದಿ ಮುಟ್ಟಿದರೆ ಲೈನು ಬಂದಾಗ ಅದು ತಪ್ಪುತ್ತದೆ. ಎರಡನೆಯದು, ಮೂರು ಫೇಸಿನ ಮನೆಗೆ ಸಿಂಗಲ್ ಫೇಸ್ ಜನರೇಟರ್ ಕೊಡುವವರು ಮೂರು ಫೇಸಿಗೂ ಒಂದೇ ಕರೆಂಟನ್ನು ಸೇತುವೆ ಕಟ್ಟಿ ಹಂಚುತ್ತಾರೆ. ಆ ಸ್ಥಿತಿಯಲ್ಲಿ ಯಾರಾದರೂ ಮೂರು ಫೇಸಿನ ಮೋಟರ್ ಒತ್ತಿದರೆ ಅದು ತಿರುಗುವುದಿಲ್ಲ. ಸಾಮಾನ್ಯವಾಗಿ ಮೂರು ಫೇಸಿನ ಕರೆಂಟುಗಳು ನ್ಯೂಟ್ರಲ್ಲಿನಲ್ಲಿ ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. ಇಲ್ಲಿ ಕಳೆಯುವ ಬದಲು ಕೂಡುತ್ತವೆ, ನ್ಯೂಟ್ರಲ್ ವೈರು ಅಷ್ಟನ್ನು ಹೊರಬೇಕಾಗುತ್ತದೆ. ದೀಪ ಮತ್ತು ಫ್ರಿಜ್ಜಿನ ಫೇಸೊಂದನ್ನು ಮಾತ್ರ ಪ್ರತ್ಯೇಕಿಸಿ ಅದಕ್ಕೆ ಎರಡು ಪೋಲಿನ ಚೇಂಜ್‌ಓವರ್ ಹಾಕಿಸುವುದೇ ಜಾಣತನ.

ಯಂತ್ರದ ಗಾತ್ರದ ಬಗ್ಗೆ ಎರಡು ಮಾತು. ಮನೆಯ ಹತ್ತು ದೀಪ, ಫ್ರಿಜ್ಜು, ಟಿ.ವಿ. ಎಲ್ಲ ಸೇರಿ ಓಡುವಾಗ ಒಂದು ಕಿಲೋವಾಟ್ ದಾಟುವುದು ಅಪರೂಪ. ಕಷ್ಟ ಇರುವುದು ಮೋಟರಿನಲ್ಲಿ. ಐದು ಎಚ್.ಪಿ. ಪಲ್ಪರ್ ಮೋಟರ್ 3.7 ಕಿಲೋವಾಟಿನದು, ಓಡುವಾಗ ಏಳೆಂಟು ಆಂಪಿಯರ್ ಎಳೆಯುತ್ತದೆ. ಆದರೆ ನೇರ ಸ್ಟಾರ್ಟರಿನಲ್ಲಿ ಏಳುವ ಗಳಿಗೆಯಲ್ಲಿ ಅದರ ಆರು ಪಟ್ಟು. ಐದು ಕೆ.ವಿ.ಎ. ಜನರೇಟರ್ ತಂದು ಐದು ಎಚ್.ಪಿ. ಎಳೆಯಲಿಲ್ಲವೆಂದು ಅಂಗಡಿಯವನನ್ನು ಬಯ್ದು ಫಲವಿಲ್ಲ, 15 ಕೆ.ವಿ.ಎ. ಸುಮಾರಿಗೆ ಹೋಗಬೇಕಾಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಏಳುವ ಎಳೆತ ಮೂರರಲ್ಲೊಂದಾಗಿ, ಇನ್ನೂ ಚಿಕ್ಕದು ಸಾಕಾದೀತು. ಸಮುದ್ರಮಟ್ಟಕ್ಕಿಂತ 1000 ಮೀಟರ್ ಎತ್ತರದಲ್ಲಿ ಗಾಳಿ ಹತ್ತರಲ್ಲೊಂದು ಪಾಲು ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಇಂಜಿನ್ನು ತನ್ನ ನಾಮಫಲಕದಲ್ಲಿರುವುದಕ್ಕಿಂತ ಅಷ್ಟು ಕಡಿಮೆಯೇ ಕೊಡುತ್ತದೆಂಬುದನ್ನು ಗುಡ್ಡದ ಮೇಲಿನ ತೋಟದವರು ಲೆಕ್ಕಕ್ಕೆ ಹಿಡಿಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೆ ನಲವತ್ತು ದಿನ ಪಲ್ಪ್ ಮಾಡುವ ಸಣ್ಣ ಬೆಳೆಗಾರರು ಪಲ್ಪರನ್ನು ಬೆಲ್ಟಿನಲ್ಲಿ ನೇರವಾಗಿ ಡೀಸೆಲ್ ಇಂಜಿನ್ನಿಗೆ ಕಟ್ಟುವುದೇ ಮೇಲು. ಕೊಯ್ದ ಹಣ್ಣು ಅಂದೇ ಪಲ್ಪ್ ಆಗಬೇಕು, ಅದಕ್ಕೆ ವಿದ್ಯುತ್ತೇ ಆಗಬೇಕೆಂದಿಲ್ಲ. ಮನೆಗೊಂದು ಚಿಕ್ಕ ಜನರೇಟರ್ ಬೇರೆ ಇರಲಿ. ಎರಡಕ್ಕೂ ಒಂದೇ ಎಂದು ಕೊಂಡ ಯಂತ್ರ ಮನೆಗೆ ಅತಿಯಾಗಿ, ಪಲ್ಪರಿಗೆ ಸಾಲದೆ ಹೋಗುತ್ತದೆ.

ಅರ್ಥಿಂಗಿನ ವಿಷಯದಲ್ಲಿ ನಮ್ಮಲ್ಲಿ ಉದಾಸೀನ ಬಹಳ. ಜನರೇಟರಿನ ಮೈ, ಚೇಂಜ್‌ಓವರಿನ ಕಬ್ಬಿಣದ ಪೆಟ್ಟಿಗೆ ಎಲ್ಲವೂ ನೆಲಕ್ಕೆ ಸೇರಿರಬೇಕು. ಕಾಯಂ ಕೂಡಿಸಿದ ಸೆಟ್ಟಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ತಂತಿ ಎಳೆಯಬೇಕೆಂದೇ ನಿಯಮ. ಒಂದೂವರೆ ಇಂಚಿನ ಜಿ.ಐ. ಪೈಪು, ಎಂಟೂವರೆ ಅಡಿಗೆ ಕಡಿಮೆಯಿಲ್ಲದಂತೆ, ಇದ್ದಿಲು ಉಪ್ಪು ತುಂಬಿ ಇಳಿಸುವ ಪದ್ಧತಿ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ನಮ್ಮ ನೆಲ ಒಳ್ಳೆಯ ಅರ್ಥು ಕೊಡುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಇಟ್ಟಿಗೆಯಂತಾದಾಗ ಅದೇ ಪೈಪು ನಿಷ್ಪ್ರಯೋಜಕ. ಫೆಬ್ರವರಿಯಿಂದ ಹೂಮಳೆ ಬರುವತನಕ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕುವುದನ್ನು ಯಾರಿಗಾದರೂ ವಹಿಸಿಬಿಡಿ.

ಇನ್ನೊಂದು ಸೂಕ್ಷ್ಮ ಇದೆ. ಶಾಕ್ ಹೊಡೆದಾಗ ಕರೆಂಟನ್ನು ಕಡಿಯುವ ಆರ್.ಸಿ.ಸಿ.ಬಿ. ಈಗ ಅನೇಕರ ಮನೆಯಲ್ಲಿದೆ. 30 ಮಿಲಿ ಆಂಪಿಯರಿನದು ಜೀವ ಉಳಿಸುವಂಥ ಸಾಧನ. ಅದು ಕೆಲಸ ಮಾಡುವುದು ಸೋರಿದ ಕರೆಂಟು ನೆಲದ ಮೂಲಕ ಹುಟ್ಟಿದಲ್ಲಿಗೆ ಮರಳುವ ದಾರಿ ಇದ್ದಾಗ. ಹಲವು ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಎಲ್ಲಿಯೂ ನೆಲಕ್ಕೆ ಸೇರಿರುವುದಿಲ್ಲ. ಲೈನಿನಲ್ಲಿದ್ದಾಗ ಕಾಪಾಡುವ ಅದೇ ಆರ್.ಸಿ.ಸಿ.ಬಿ. ಜನರೇಟರಿನಲ್ಲಿದ್ದಾಗ ಸುಮ್ಮನೆ ನೋಡುತ್ತ ಕೂರಬಹುದು. ಅದರ ಪರೀಕ್ಷೆಯ ಗುಂಡಿ ಒತ್ತಿದರೆ ಟಪ್ ಎಂದು ಬೀಳುತ್ತದೆಂದು ನಂಬಬೇಡಿ. ಆ ಗುಂಡಿ ಫೇಸು ನ್ಯೂಟ್ರಲ್ಲುಗಳ ನಡುವೆಯೇ ಪರೀಕ್ಷೆ ಮಾಡುವಂಥದು, ನೆಲದ ದಾರಿ ಇದೆಯೇ ಎಂಬುದು ಅದಕ್ಕೆ ತಿಳಿಯದು. ನ್ಯೂಟ್ರಲ್ಲನ್ನು ಜನರೇಟರಿನ ಬಳಿ, ಒಂದೇ ಕಡೆ, ಅರ್ಥಿಗೆ ಕಟ್ಟಬೇಕು. ಇದನ್ನು ಕೇಳಿದಾಗ ಹುಬ್ಬು ಗಂಟಿಕ್ಕುವ ಎಲೆಕ್ಟ್ರಿಷಿಯನ್ನರಿಗೆ ಈ ಕೆಲಸ ಒಪ್ಪಿಸಬೇಡಿ.

ಬ್ಯಾಟರಿ ಇನ್‌ವರ್ಟರ್ ಇರುವವರು ಅದನ್ನು ಚೇಂಜ್‌ಓವರಿನ ನಂತರದ ಬದಿಗೆ ಇಟ್ಟುಕೊಂಡರೆ ಜನರೇಟರ್ ಓಡುವಾಗ ಬ್ಯಾಟರಿಯೂ ತುಂಬುತ್ತದೆ. ಚಾವಣಿಯ ಸೋಲಾರ್ ಹಾಗಲ್ಲ. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯ ಸಹಾಯಧನದಿಂದ ಲೈನಿಗೆ ಮಾರುವ ಸೋಲಾರ್ ಹಾಕಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ಈ ಸೋಲಾರಿನ ಇನ್‌ವರ್ಟರು ಲೈನು ಹೋದ ಕೂಡಲೇ ತಾನೂ ನಿಲ್ಲುವಂತೆ ರಚಿತವಾಗಿದೆ, ಕಂಬದ ಮೇಲಿನವರ ಜೀವಕ್ಕಾಗಿಯೇ. ಆದರೆ ಅದೂ ಜನರೇಟರೂ ಒಂದೇ ಬದಿಗಿದ್ದರೆ ಜನರೇಟರಿನ ಕರೆಂಟನ್ನೇ ಲೈನೆಂದು ತಿಳಿದು ಎದ್ದು, ಬಿಸಿಲು ಹೆಚ್ಚಾದಾಗ ಮಿಕ್ಕ ಕರೆಂಟನ್ನು ಜನರೇಟರಿನ ಒಳಕ್ಕೇ ತಳ್ಳುತ್ತದೆ. ವೋಲ್ಟು ಏರಿ ಏನೆಲ್ಲ ಸುಡುತ್ತದೋ ಹೇಳಲಾಗದು. ಆದ್ದರಿಂದ ಇಂಥ ಸೋಲಾರಿನ ಜೋಡಣೆ ಚೇಂಜ್‌ಓವರಿಗಿಂತ ಮೊದಲು, ಲೈನಿನ ಬದಿಗೇ ಇರಬೇಕು. ಹಾಕಿದವರನ್ನು ಕರೆಸಿ ಕೇಳಿ ಖಚಿತಪಡಿಸಿಕೊಳ್ಳಿ.

ವೈರಿಂಗ್ ಸರಿಯಾಗಿದ್ದೂ ಜನರೇಟರ್ ಕೊಲ್ಲುವ ಇನ್ನೊಂದು ದಾರಿ ಹೊಗೆ. ಮಳೆ ಎಂದು ಅದನ್ನು ಜಗಲಿಯ ಮೂಲೆಗೆ, ಬಚ್ಚಲು ಮನೆಗೆ, ಅಡಿಕೆ ಗೋದಾಮಿಗೆ ಒಯ್ಯುತ್ತಾರೆ. ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ತಲೆನೋವು, ಹೊಟ್ಟೆ ತೊಳಸು, ಜೊಂಪು. ಮಲಗಿದವರು ಏಳುವುದೇ ಇಲ್ಲ. ಹಂಚಿನ ಮಾಡಿನ ಸಂದಿಯಲ್ಲಿ ಹೊಗೆ ಹೊರಟು ಹೋಗುತ್ತದೆಂಬ ಧೈರ್ಯ ಸಲ್ಲದು. ಕಿಟಕಿ ಬಾಗಿಲಿನಿಂದ ಇಪ್ಪತ್ತು ಅಡಿಯಾದರೂ ದೂರ, ಗಾಳಿ ಮನೆಯ ಕಡೆ ಬೀಸದ ಬದಿಗೆ, ನಾಲ್ಕೂ ಕಡೆ ತೆರೆದ ಒಂದು ತಗಡಿನ ಚಪ್ಪರ ಕಟ್ಟಿಸಿ, ನೆಲ ಸ್ವಲ್ಪ ಎತ್ತರಿಸಿ ಅದರಡಿ ಇಡಿ. ಸೈಲೆನ್ಸರ್ ಬಿಸಿ ಇರುವ ಹತ್ತಿರ ಅಡಿಕೆ ಸಿಪ್ಪೆ, ದರಗು ಸೇರಲು ಬಿಡಬೇಡಿ. ಎಣ್ಣೆ ಹಾಕುವುದು ನಿಲ್ಲಿಸಿ, ತಣಿದ ಮೇಲೆ. ಅಷ್ಟು ದೂರದಿಂದ ಬರುವ ಕೇಬಲ್ಲಿನಲ್ಲಿ ಜಿಪುಣತನ ಮಾಡಬೇಡಿ. ಐದು ಕೆ.ವಿ.ಎ. ಸಿಂಗಲ್ ಫೇಸ್ ಯಂತ್ರ ಸುಮಾರು 22 ಆಂಪಿಯರ್ ಕೊಡುತ್ತದೆ. ನೂರು ಅಡಿ ದೂರಕ್ಕೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿದರೆ ಹತ್ತು ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ವೈರೂ ಬಿಸಿಯಾಗುತ್ತದೆ. ಆರು ಚದರ ಮಿಲಿಮೀಟರ್ ಹಾಕಿ ನಿಶ್ಚಿಂತೆಯಿಂದಿರಿ. ಜನರೇಟರಿನ ಬಾಯಲ್ಲೇ ಅದರ ಶಕ್ತಿಗೆ ತಕ್ಕ ಎಂ.ಸಿ.ಬಿ. ಇರಲಿ, ಫ್ಯೂಸಿಗೆ ದಪ್ಪ ತಂತಿ ಸುತ್ತುವ ವಿದ್ಯೆ ಇಲ್ಲಿ ಬೇಡ.

ನಡೆಸುವ ಕ್ರಮ ಹೀಗೆ. ಕರೆಂಟು ಹೋದ ಮೇಲೆ ಹಿಡಿಕೆಯನ್ನು 0ಗೆ ತನ್ನಿ, ಮನೆಯ ದೊಡ್ಡ ಹೊರೆಗಳನ್ನು ತೆಗೆಯಿರಿ, ಹೊರಗೆ ಹೋಗಿ ಇಂಜಿನ್ ಚಾಲೂ ಮಾಡಿ ಎರಡು ನಿಮಿಷ ಖಾಲಿ ಓಡಲು ಬಿಡಿ, ಆಮೇಲೆ ಹಿಡಿಕೆ 2ಕ್ಕೆ. ಹೊರೆಗಳನ್ನು ಒಂದೊಂದಾಗಿ ಹಾಕಿ, ಮೋಟರ್ ಇದ್ದರೆ ಅದು ಮೊದಲು. ಲೈನಿನ ದೀಪ ಹತ್ತಿದ ತಕ್ಷಣ ಓಡಬೇಡಿ, ನಮ್ಮ ಕರೆಂಟು ಬಂದು ಹೋಗಿ ಬಂದು ಹೋಗುವಂಥದು. ಹತ್ತು ನಿಮಿಷ ನಿಂತಿದೆಯೆಂದಾದರೆ ಹಿಡಿಕೆ 0, ಆಮೇಲೆ 1. ಇಂಜಿನ್ ಮತ್ತೆ ಎರಡು ನಿಮಿಷ ಖಾಲಿ ಓಡಿ ತಣಿಯಲಿ. ಇದನ್ನು ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿ, ಮನೆಯವರೆಲ್ಲರ ಕೈಯಲ್ಲೂ ಒಮ್ಮೆ ಹಗಲಿನಲ್ಲಿ ಮಾಡಿಸಿ ನೋಡಿ.

ಈ ಜೋಡಣೆಯನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂಬುದು ಕಾನೂನು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಅದನ್ನೇ ಹೇಳುತ್ತವೆ. ದೊಡ್ಡ ಸೆಟ್ಟುಗಳಿಗೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಬೇಕಾಗುತ್ತದೆ. ಕೊಳ್ಳುವ ಮುನ್ನವೇ ಅಲ್ಲಿ ವಿಚಾರಿಸಿ. ಸಣ್ಣ ಯಂತ್ರವಾದರೂ ನಿಮ್ಮಲ್ಲಿ ಜನರೇಟರ್ ಇದೆಯೆಂದು ಆ ಭಾಗದ ಲೈನ್‌ಮನ್‌ಗೆ ತಿಳಿಸಿ, ಸಾಧ್ಯವಾದರೆ ಚೇಂಜ್‌ಓವರನ್ನು ಕರೆದು ತೋರಿಸಿ. ಕಂಬ ಹತ್ತುವ ಮುನ್ನ ಯಾವ ಮನೆಯ ಕಡೆ ಕಿವಿಗೊಡಬೇಕೆಂದು ಅವರಿಗೆ ತಿಳಿದಿರುತ್ತದೆ.

ಕೊಯ್ಲು ಆರಂಭವಾಗುವ ಮುನ್ನ ಸದಸ್ಯರ ಬೇಡಿಕೆ ಒಟ್ಟುಗೂಡಿಸಿ, ಎರಡು ಪೋಲು ಹಾಗೂ ನಾಲ್ಕು ಪೋಲಿನ ಸ್ವಿಚ್ಚುಗಳನ್ನು ಸಂಘದ ಮೂಲಕ ಒಟ್ಟಿಗೆ ತರಿಸಲು ಆಡಳಿತ ಮಂಡಳಿ ಒಪ್ಪಿದೆ. ಪರವಾನಗಿ ಇರುವ ಗುತ್ತಿಗೆದಾರರೊಬ್ಬರು ಊರೂರಿಗೆ ಸರದಿಯಂತೆ ಬಂದು ಕೂಡಿಸಿ ಕೊಡುತ್ತಾರೆ. ಬೇಕಾದವರು ಜನರೇಟರಿನ ನಾಮಫಲಕದಲ್ಲಿರುವ ಕೆ.ವಿ.ಎ., ವೋಲ್ಟ್, ಫೇಸ್ ವಿವರಗಳನ್ನೂ, ಮೈನ್ ಸ್ವಿಚ್ಚಿನ ಆಂಪಿಯರನ್ನೂ, ಸೋಲಾರ್ ಇದೆಯೋ ಇಲ್ಲವೋ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಕಚೇರಿಯಲ್ಲಿ ಕೊಡತಕ್ಕದ್ದು. ಎರಡು ತುದಿಗೆ ಪಿನ್ನಿರುವ ವೈರು ಇದ್ದವರು ಅದನ್ನೂ ತಂದುಕೊಟ್ಟರೆ ಪಿನ್ನುಗಳನ್ನು ಕತ್ತರಿಸಿ, ವೈರನ್ನು ಮಾತ್ರ ಹಿಂದಿರುಗಿಸಲಾಗುವುದು.

— ಕಾರ್ಯದರ್ಶಿ